ಗಿಡ ಹಚ್ಚಿದರೆ ಅಡವಿ ಆಗುವುದೇ? ಕಾರ್ಖಾನೆ ನೆಲದ ಅರಣ್ಯೋದ್ಯಾನವನ್ನು ಎಂಟನೇ ತರಗತಿಗೆ ಬೋಧಿಸಿದ ಬಗೆ

ಪ್ರಸ್ತಾವನೆ

ಹಳೇ ಹುಬ್ಬಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಎಂಟನೇ ತರಗತಿಯ ವಿಜ್ಞಾನದಲ್ಲಿ ನನಗೆ ಬಂದ ಘಟಕ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’. ಅದರ ಕೊನೆಯಲ್ಲಿ ಬರುವ ಉಪಘಟಕ ಮರು ಅರಣ್ಯೀಕರಣ. ಪಠ್ಯದಲ್ಲಿ ಇದಕ್ಕೆ ಇರುವುದು ಒಂದು ಪುಟಕ್ಕಿಂತ ಕಡಿಮೆ. ಆದ್ದರಿಂದ ಒಂದೇ ಅವಧಿಯಲ್ಲಿ ಮುಗಿಯುತ್ತದೆ ಎಂದು ಪಾಠಯೋಜನೆ ಬರೆದುಕೊಂಡು ಹೋಗಿದ್ದೆ.

“ಅಡವಿ ಹಾಳಾದರೆ ಮತ್ತೆ ಹೇಗೆ ಬರುತ್ತದೆ?” ಎಂದು ಕೇಳಿದೆ. “ಗಿಡ ಹಚ್ಚಬೇಕ್ರಿ ಟೀಚರ್” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ಹೋದ ವರ್ಷ ಪರಿಸರ ದಿನಕ್ಕ ನಾವು ಗ್ರೌಂಡಿನ ಮೂಲ್ಯಾಗ ಗಿಡ ಹಚ್ಚಿದ್ವಿರಿ. ಅದು ಒಣಗಿತು. ಈ ವರ್ಷ ಅದ ತೆಗ್ಗಿನ್ಯಾಗ ಮತ್ತ ಹಚ್ಚಿದ್ವಿ. ಅದೂ ಒಣಗಿತು. ಅಲ್ಲಿ ಗಿಡ ಯಾಕ ಉಳಿಯಂಗಿಲ್ಲರಿ?”

ನೀರು ಸಾಕಾಗಿರಲಿಕ್ಕಿಲ್ಲ ಎಂದೆ. “ದಿನಾ ನಾವ ನೀರ ಹಾಕತಿದ್ವಿರಿ” ಎಂದಳು. ತರಗತಿ ನಕ್ಕಿತು. ನನ್ನಲ್ಲಿ ಬೇರೆ ಉತ್ತರ ಇರಲಿಲ್ಲ. ಮುಂದಿನ ಅಂಶಕ್ಕೆ ಹೋದೆ. ಅಂದು ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಅವಲೋಕನ ಪತ್ರದಲ್ಲಿ ಬರೆದದ್ದು ಇಷ್ಟೇ: ‘ಆ ವಿದ್ಯಾರ್ಥಿನಿಯ ಪ್ರಶ್ನೆಯೇ ಇಂದಿನ ಪಾಠವಾಗಬೇಕಿತ್ತು. ಅದನ್ನು ಬಿಟ್ಟು ಮುಂದೆ ಹೋಗಿದ್ದೀರಿ.’

ಆ ಪ್ರಶ್ನೆಯನ್ನೇ ಹಿಡಿದು ಇನ್ನೂ ಎರಡು ಅವಧಿಗಳನ್ನು ಮತ್ತು ಒಂದು ಹೊರಾಂಗಣ ಚಟುವಟಿಕೆಯನ್ನು ಯೋಜಿಸಿದೆ. ಅದಕ್ಕಾಗಿ ಓದುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು, ಮುಚ್ಚಿದ ಕಾರ್ಖಾನೆ, ಗಣಿ ಮತ್ತು ರೈಲ್ವೆ ಯಾರ್ಡುಗಳ ನೆಲವನ್ನು ಜನರು ಓಡಾಡುವ ಅರಣ್ಯೋದ್ಯಾನವಾಗಿ ಬದಲಿಸಿದ ಉದಾಹರಣೆಗಳು. ಕಡಿದ ಅಡವಿಗಿಂತ ಇಂಥ ನೆಲ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅನುಭವ. ಕಡಿದ ಅಡವಿಯಲ್ಲಿ ಮಣ್ಣಾದರೂ ಉಳಿದಿರುತ್ತದೆ. ಕಾರ್ಖಾನೆ ನೆಲದಲ್ಲಿ ಅದೂ ಇರುವುದಿಲ್ಲ. ಅಡವಿ ಆಗಬೇಕಾದರೆ ಏನೇನು ಬೇಕು ಎಂಬುದು ಅಲ್ಲಿ ಒಂದೊಂದಾಗಿ ಬಿಡಿಸಿ ಕಾಣುತ್ತದೆ.

ವಿಷಯದ ತಿರುಳು

ಖಾಲಿ ನೆಲದಲ್ಲಿ ಸಸ್ಯಗಳು ಒಂದರ ನಂತರ ಒಂದು ಗುಂಪಾಗಿ ಬಂದು ನೆಲೆಸುವುದಕ್ಕೆ ಅನುಕ್ರಮ ಎನ್ನುತ್ತೇವೆ. ಬರಿ ಬಂಡೆಯ ಮೇಲಾದರೆ ಮೊದಲು ಕಲ್ಲುಹೂವು, ಹಾವಸೆ. ಅವು ಸತ್ತು ಕೊಳೆತು ತುಸು ಮಣ್ಣಾದ ಮೇಲೆ ಹುಲ್ಲು. ಆಮೇಲೆ ಪೊದೆ, ಕೊನೆಗೆ ಮರ. ಮಣ್ಣೇ ಇಲ್ಲದ ಕಡೆ ಶುರುವಾಗುವ ಇದು ಪ್ರಾಥಮಿಕ ಅನುಕ್ರಮ. ಬಿತ್ತದೆ ಬಿಟ್ಟ ಹೊಲದಲ್ಲಿ ಮಣ್ಣೂ ಇದೆ, ಮಣ್ಣಿನೊಳಗೆ ಬೀಜವೂ ಇದೆ. ಅಲ್ಲಿ ನಡೆಯುವುದು ದ್ವಿತೀಯಕ ಅನುಕ್ರಮ, ಅದು ಬೇಗ ಸಾಗುತ್ತದೆ.

ಪ್ರತಿಯೊಂದು ಗುಂಪೂ ತನ್ನ ನಂತರದ ಗುಂಪಿಗೆ ನೆಲ ಹದ ಮಾಡಿಕೊಟ್ಟು ಹೋಗುತ್ತದೆ ಎಂಬುದು ಇಲ್ಲಿನ ಮುಖ್ಯ ಅಂಶ. ದ್ವಿದಳ ಜಾತಿಯ ಗಿಡಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವುದನ್ನು ಮಕ್ಕಳು ಇದೇ ವರ್ಷ ಸೂಕ್ಷ್ಮಜೀವಿಗಳ ಪಾಠದಲ್ಲಿ ಓದಿರುತ್ತಾರೆ. ಬಡ ನೆಲ ಅಡವಿಯತ್ತ ಹೋಗುವಾಗ ಈ ಕೆಲಸ ಎಷ್ಟು ದೊಡ್ಡದೆಂದು ಇಲ್ಲಿ ಜೋಡಿಸಿ ತೋರಿಸಬಹುದು.

ಕಾರ್ಖಾನೆ ನೆಲ ಈ ಎರಡರ ನಡುವಿನದು. ಮೇಲ್ಮಣ್ಣು ಹೋಗಿರುತ್ತದೆ. ಉಳಿದದ್ದು ಲಾರಿ, ಯಂತ್ರಗಳ ಭಾರಕ್ಕೆ ಗಟ್ಟಿಯಾಗಿರುತ್ತದೆ. ಇಟ್ಟಂಗಿ, ಜಲ್ಲಿ, ಬೂದಿ, ಎಣ್ಣೆ ಬೆರೆತಿರುತ್ತದೆ. ಕೆಲವು ಕಡೆ ಸೀಸ, ಆರ್ಸೆನಿಕ್‌ನಂಥ ವಿಷವಸ್ತುಗಳೂ ಇರುತ್ತವೆ. ಪಠ್ಯಪುಸ್ತಕ ಮರು ಅರಣ್ಯೀಕರಣಕ್ಕೆ ಎರಡು ದಾರಿ ಹೇಳುತ್ತದೆ. ಒಂದು, ಆ ಅಡವಿಯಲ್ಲಿ ಮೊದಲಿದ್ದ ಜಾತಿಯ ಗಿಡಗಳನ್ನೇ ನೆಡುವುದು. ಇನ್ನೊಂದು, ಯಾರೂ ಕೈ ಹಾಕದೆ ಬಿಟ್ಟರೆ ಅಡವಿ ತಾನಾಗಿ ಮರಳುವುದು. ನಾವು ತರಗತಿಯಲ್ಲಿ ಮೊದಲನೆಯದನ್ನು ಘೋಷಣೆಯಂತೆ ಹೇಳಿ ಎರಡನೆಯದನ್ನು ಓದಿ ಬಿಟ್ಟುಬಿಡುತ್ತೇವೆ. ಯಾವ ನೆಲಕ್ಕೆ ಯಾವ ದಾರಿ ಎಂದು ತೀರ್ಮಾನಿಸುವುದು ಹೇಗೆ ಎಂಬುದೇ ಇಲ್ಲಿ ಕಲಿಸಬೇಕಾದದ್ದು.

ತರಗತಿಗೆ ಕೊಟ್ಟ ಸಮಸ್ಯೆ: ಬೈಯಪ್ಪನಹಳ್ಳಿಯ ನೆಲ

ಪಾಠದ ಬೆನ್ನೆಲುಬಾಗಿ ನಮ್ಮ ರಾಜ್ಯದ್ದೇ ಒಂದು ನೆಲವನ್ನು ಆರಿಸಿಕೊಂಡೆ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಕಾರ್ಖಾನೆ ಇತ್ತು. ಜರ್ಮನಿಯ ಎಇಜಿ ಕಂಪನಿಯ ಸಹಯೋಗ ಪಡೆದಿದ್ದ ಈ ಸರ್ಕಾರಿ ಉದ್ಯಮ ಟ್ರಾನ್ಸ್‌ಫಾರ್ಮರ್, ಮೋಟಾರು, ವಿದ್ಯುತ್ ಉಪಕರಣಗಳನ್ನು ತಯಾರಿಸುತ್ತಿತ್ತು. ಆ ಹೆಸರು ನಮ್ಮ ಕಡೆಯವರಿಗೂ ಹೊಸದಲ್ಲ; ಹುಬ್ಬಳ್ಳಿ-ಧಾರವಾಡದ ನಡುವೆ ರಾಯಾಪುರದಲ್ಲಿ ಇದೇ ಹೆಸರಿನ ಘಟಕ ಇದೆ. ಬೆಂಗಳೂರಿನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಮುಂದಿನ ಎರಡು ದಶಕಗಳಲ್ಲಿ ಅದರ ಅಂಗಳದಲ್ಲಿ, ಖಾಲಿ ಶೆಡ್ಡುಗಳ ಸುತ್ತ ಗಿಡಮರಗಳು ಬೆಳೆದುಕೊಂಡವು. ಸುಮಾರು 105 ಎಕರೆಯ ಆ ಜಾಗದಲ್ಲಿ 65 ಎಕರೆಯಷ್ಟನ್ನು ಸಾರ್ವಜನಿಕ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರ ಪ್ರಕಟಿಸಿದೆ.

ಇಷ್ಟನ್ನು ಹೇಳಿ ತರಗತಿಯನ್ನು ಗುಂಪುಗಳಾಗಿ ಮಾಡಿ, “ಈ ಜಾಗ ನಿಮ್ಮ ಕೈಗೆ ಬಂದಿದೆ. ಮೊದಲ ದಿನ ಏನು ಮಾಡುತ್ತೀರಿ?” ಎಂದು ಕೇಳಿದೆ. ಎಲ್ಲ ಗುಂಪುಗಳೂ ಬರೆದದ್ದು ಸಸಿ ನೆಡುತ್ತೇವೆ ಎಂದೇ. ಆ ಹಾಳೆಗಳನ್ನು ತೆಗೆದಿಟ್ಟೆ. ಇನ್ನೂ ನಾಲ್ಕು ಪ್ರಶ್ನೆಗಳನ್ನು ಕೇಳಿದ ಮೇಲೆ ಇದೇ ಹಾಳೆಯ ಹಿಂಬದಿಯಲ್ಲಿ ಮತ್ತೆ ಬರೆಯಬೇಕು ಎಂದೆ. ಆ ನಾಲ್ಕು ಪ್ರಶ್ನೆಗಳನ್ನು ಮುಂದೆ ವಿವರಿಸಿದ್ದೇನೆ.

ಮೊದಲ ಪ್ರಶ್ನೆ: ಈ ಮಣ್ಣಿನಲ್ಲಿ ಏನಿದೆ?

ಇದಕ್ಕೆ ಜರ್ಮನಿಯ ಡ್ಯೂಸ್‌ಬರ್ಗ್ ಒಳ್ಳೆಯ ಉದಾಹರಣೆ. ಅಲ್ಲಿನ ಕಬ್ಬಿಣದ ಕಾರ್ಖಾನೆಯೊಂದು 1985ರಲ್ಲಿ ಮುಚ್ಚಿತು. ಪೀಟರ್ ಲಾಟ್ಸ್ ಎಂಬ ಭೂದೃಶ್ಯ ವಿನ್ಯಾಸಕರ ಯೋಜನೆಯಂತೆ ಸುಮಾರು 180 ಹೆಕ್ಟೇರಿನ ಆ ಜಾಗ 1994ರಲ್ಲಿ ಸಾರ್ವಜನಿಕ ಉದ್ಯಾನವಾಗಿ ತೆರೆಯಿತು. ಊದುಕುಲುಮೆಗಳನ್ನು ಕೆಡವಲಿಲ್ಲ, ಜನ ಈಗ ಅವುಗಳ ಮೇಲೆ ಹತ್ತಿ ಊರು ನೋಡುತ್ತಾರೆ. ಆದರೆ ಪಾಠಕ್ಕೆ ಬೇಕಾದದ್ದು ಮಣ್ಣಿನ ವಿಚಾರ. ಎಲ್ಲ ಮಣ್ಣನ್ನೂ ತೆಗೆದು ಹೊಸದನ್ನು ತುಂಬಲಿಲ್ಲ, ಎಲ್ಲವನ್ನೂ ಹಾಗೇ ಬಿಡಲೂ ಇಲ್ಲ. ತೀರ ಕೆಟ್ಟದ್ದನ್ನು ಹಳೆಯ ಕಾಂಕ್ರೀಟ್ ಕೋಠಿಗಳಲ್ಲಿ ಹಾಕಿ ಮುಚ್ಚಿದರು. ಅಷ್ಟೇನೂ ಅಪಾಯವಿಲ್ಲದ ಕಡೆ ಬರ್ಚ್ ಮುಂತಾದ ಗಿಡಗಳು ತಾವಾಗಿ ಬರಲು ಬಿಟ್ಟರು. ಹೊಲಸು ನೀರನ್ನು ನೆಲದಡಿಯ ಕೊಳವೆಗೆ ಹಾಕಿ, ಮೇಲಿನ ಕಾಲುವೆಯಲ್ಲಿ ಮಳೆನೀರು ಹರಿಯುವಂತೆ ಮಾಡಿದರು. ಅಂದರೆ ಮೊದಲು ಜಾಗವನ್ನು ಪರೀಕ್ಷಿಸಿ, ತುಂಡು ತುಂಡಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಬೇರೆ ಚಿಕಿತ್ಸೆ ಕೊಟ್ಟರು.

ವಿಷವಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರದ ಚಿನ್ನದ ಗಣಿ ಪ್ರದೇಶವನ್ನು ತೋರಿಸಿದೆ. ಅಲ್ಲಿ ಅದಿರನ್ನು ಪುಡಿ ಮಾಡಿ ಸಯನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸುತ್ತಿದ್ದರು. ಗಣಿಗಾರಿಕೆ 2001ರಲ್ಲಿ ನಿಂತಿತು. ಉಳಿದ ನುಣುಪು ಪುಡಿಯ ಗುಡ್ಡಗಳು ಊರಿನ ನಡುವೆ ಇಂದಿಗೂ ಇವೆ. ಗಾಳಿಗಾಲದಲ್ಲಿ ಅವುಗಳ ಧೂಳು ಮನೆಗಳಿಗೆ ಬರುತ್ತದೆ. ‘ಹಾಗೇ ಬಿಟ್ಟರೆ ಅಡವಿ ಆಗುತ್ತದೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸಾವಯವ ಅಂಶವಿಲ್ಲದ, ಗಾಳಿಗೆ ಸರಿದಾಡುವ ಪುಡಿಯಲ್ಲಿ ಬೀಜ ಬೇರೂರುವುದೇ ಕಷ್ಟ.

ಬೈಯಪ್ಪನಹಳ್ಳಿಗೂ ಮೊದಲ ದಿನದ ಕೆಲಸ ಮಣ್ಣಿನ ಪರೀಕ್ಷೆಯೇ. ಜಗತ್ತಿನಲ್ಲಿ ಬಹುಕಾಲ ಟ್ರಾನ್ಸ್‌ಫಾರ್ಮರುಗಳಿಗೆ ಪಿಸಿಬಿ ಎಂಬ, ಬೇಗ ಕರಗಿ ಹೋಗದ ವಿಷರಾಸಾಯನಿಕ ಬೆರೆತ ಎಣ್ಣೆ ಬಳಸುತ್ತಿದ್ದರು. ಆದ್ದರಿಂದ ವಿದ್ಯುತ್ ಉಪಕರಣಗಳ ಯಾವ ಹಳೆಯ ಕಾರ್ಖಾನೆಯಲ್ಲೇ ಆಗಲಿ, ಜನರನ್ನು ಒಳಗೆ ಬಿಡುವ ಮೊದಲು ನೋಡಿಕೊಳ್ಳಬೇಕಾದದ್ದು ಇದು. ಇಲ್ಲಿ ಮಕ್ಕಳಿಗೆ ಒಂದು ಸುರಕ್ಷತೆಯ ಮಾತನ್ನೂ ಹೇಳಿದೆ: ಹಳೆಯ ಕಾರ್ಖಾನೆ, ಗ್ಯಾರೇಜುಗಳ ಜಾಗದಲ್ಲಿ ಬೆಳೆದ ಸೊಪ್ಪು, ಹಣ್ಣು ಕಿತ್ತು ತಿನ್ನಬಾರದು. ಗಿಡ ಹಸಿರಾಗಿದೆ ಎಂದ ಮಾತ್ರಕ್ಕೆ ಮಣ್ಣು ಶುದ್ಧವಾಗಿದೆ ಎಂದಲ್ಲ.

ಎರಡನೆಯ ಪ್ರಶ್ನೆ: ಬೀಜ ಎಲ್ಲಿಂದ ಬರುತ್ತದೆ?

ನಮ್ಮ ತರಗತಿಯಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುವವರ ಮಕ್ಕಳು ಹಲವರಿದ್ದಾರೆ. ಹೀಗಾಗಿ ಬರ್ಲಿನ್ನಿನ ಸುಡ್‌ಗೆಲೆಂಡೆ ಎಂಬ ರೈಲ್ವೆ ಯಾರ್ಡಿನ ಕಥೆಗೆ ಅವರು ಕಿವಿಗೊಟ್ಟಷ್ಟು ಬೇರೆ ಯಾವುದಕ್ಕೂ ಕೊಡಲಿಲ್ಲ. ಬೋಗಿಗಳನ್ನು ಬಿಡಿಸಿ ಜೋಡಿಸುವ ಆ ದೊಡ್ಡ ಯಾರ್ಡಿನ ಕೆಲಸ, ಎರಡನೆಯ ಮಹಾಯುದ್ಧದ ನಂತರ ನಗರ ಹೋಳಾದಾಗ, 1952ರಲ್ಲಿ ಬಹುಮಟ್ಟಿಗೆ ನಿಂತಿತು. ಹಳಿಗಳ ನಡುವೆ ಹುಲ್ಲು, ಆಮೇಲೆ ಪೊದೆ, ಆಮೇಲೆ ಬರ್ಚ್ ಮತ್ತು ರೊಬೀನಿಯಾ ಮರಗಳು ಬಂದವು. ಯಾರೂ ಒಂದು ಸಸಿಯನ್ನೂ ನೆಡಲಿಲ್ಲ. ಎಷ್ಟೋ ವರ್ಷಗಳ ನಂತರ ಅಲ್ಲಿ ಮತ್ತೆ ಸರಕು ಯಾರ್ಡ್ ಕಟ್ಟುವ ಯೋಜನೆ ಬಂದಾಗ ಊರಿನ ಜನ ಎದ್ದು ನಿಂತರು. ಸಸ್ಯಶಾಸ್ತ್ರಜ್ಞರು ಎಣಿಸಿ ನೋಡಿದರೆ ಹೂಬಿಡುವ ಗಿಡ ಮತ್ತು ಜರೀಗಿಡಗಳು ಸೇರಿ 300ಕ್ಕೂ ಹೆಚ್ಚು ಜಾತಿಗಳಿದ್ದವು. ಯಾರ್ಡಿನ ಯೋಜನೆ ಬಿದ್ದುಹೋಯಿತು. ಸುಮಾರು 18 ಹೆಕ್ಟೇರಿನ ಆ ಜಾಗ 1999ರಲ್ಲಿ ಸಂರಕ್ಷಿತವಾಗಿ, 2000ದಲ್ಲಿ ಪ್ರಕೃತಿ ಉದ್ಯಾನವಾಗಿ ತೆರೆಯಿತು. ಹಳಿಗಳು, ನೀರಿನ ಟ್ಯಾಂಕು, ಒಂದು ಉಗಿಬಂಡಿ ಇಂದಿಗೂ ಮರಗಳ ನಡುವೆ ನಿಂತಿವೆ. ಸೂಕ್ಷ್ಮ ಜಾಗದಲ್ಲಿ ಜನ ನೆಲ ತುಳಿಯದಂತೆ ಎತ್ತರದ ಕಬ್ಬಿಣದ ಕಾಲುದಾರಿ ಮಾಡಿದ್ದಾರೆ.

“ಬೀಜ ಯಾರ ತಂದ್ರು?” ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹೇಳದೆ, ಮರುದಿನ ಮಧ್ಯಾಹ್ನ ಎಲ್ಲರನ್ನೂ ಶಾಲೆಯ ಹಿಂದಿನ ರಸ್ತೆಗೆ ಕರೆದುಕೊಂಡು ಹೋದೆ. ರಸ್ತೆಯ ಪಕ್ಕದ ಖಾಲಿ ಜಾಗ, ಹಳೆಯ ಗೋಡೆ, ಗಟಾರದ ಅಂಚು ಇಷ್ಟನ್ನೇ ನೋಡಬೇಕು; ಹಳಿಯ ಹತ್ತಿರ ಯಾರೂ ಹೋಗಬಾರದು ಎಂಬ ನಿಯಮ ಮಾಡಿದ್ದೆ. ಎಕ್ಕಿ, ಕಾಂಗ್ರೆಸ್ ಕಸ, ತುಂಬಿ, ಬಳ್ಳಾರಿ ಜಾಲಿ, ಗೋಡೆಯ ಬಿರುಕಿನಲ್ಲಿ ಅರಳಿ, ಮೂಲೆಯಲ್ಲಿ ಬೇವಿನ ಸಸಿಗಳು ಸಿಕ್ಕವು. ಒಂದೊಂದಕ್ಕೂ ‘ಇದನ್ನು ಇಲ್ಲಿಗೆ ತಂದವರು ಯಾರು’ ಎಂಬ ಕಾಲಂ ತುಂಬಬೇಕಿತ್ತು. ಎಕ್ಕಿಯ ಬೀಜಕ್ಕೆ ರೇಷ್ಮೆಯಂಥ ಎಳೆ ಇದೆ, ಗಾಳಿ ತಂದಿತು. ಅರಳಿಯನ್ನೂ ಬೇವನ್ನೂ ಹಕ್ಕಿಗಳು ತಂದವು. ಬಳ್ಳಾರಿ ಜಾಲಿಯ ಕಾಯಿಯನ್ನು ಆಡುಗಳು ತಿಂದು ಹಿಕ್ಕೆಯಲ್ಲಿ ಬಿತ್ತುತ್ತವೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಆಡು ಸಾಕಿದ ಮನೆಯ ಹುಡುಗ ಹೇಳಿದ.

ಒಂದು ಜಾಗ ತಾನಾಗಿ ಅಡವಿಯಾಗಬೇಕಾದರೆ ಸುತ್ತಮುತ್ತ ಬೀಜದ ಮರಗಳಿರಬೇಕು, ಬೀಜ ಹೊರುವ ಹಕ್ಕಿ ಪ್ರಾಣಿಗಳಿರಬೇಕು. ಸುತ್ತ ಇರುವುದು ಬಳ್ಳಾರಿ ಜಾಲಿ ಮಾತ್ರವಾದರೆ ಬರುವುದೂ ಬಳ್ಳಾರಿ ಜಾಲಿಯೇ. ಇದು ನಮ್ಮನ್ನು ಮೂರನೆಯ ಪ್ರಶ್ನೆಗೆ ಒಯ್ಯುತ್ತದೆ.

ಮೂರನೆಯ ಪ್ರಶ್ನೆ: ಇಲ್ಲಿಯ ಗಿಡ ಯಾವುದು?

ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ ಗಣಿಗಾರಿಕೆಗೆ ಅಗೆದು ಬಿಟ್ಟ ಅರಾವಳಿ ಗುಡ್ಡವನ್ನು 2010ರ ಪರಿಸರ ದಿನದಂದು ಅರಾವಳಿ ಜೀವವೈವಿಧ್ಯ ಉದ್ಯಾನವಾಗಿ ತೆರೆದರು. ಸುಮಾರು 390 ಎಕರೆ. ಅಲ್ಲಿ ಹಸಿರು ಇರಲಿಲ್ಲವೆಂದಲ್ಲ. ಇದ್ದದ್ದು ವಿಲಾಯತಿ ಕೀಕರ್, ಅಂದರೆ ನಮ್ಮ ಬಳ್ಳಾರಿ ಜಾಲಿಯೇ. ಅದು ಅಮೆರಿಕ ಖಂಡದ ಗಿಡ. ಬರಗಾಲಕ್ಕೂ ಬಗ್ಗದು, ಆದರೆ ತನ್ನ ಸುತ್ತ ಬೇರೆಯವನ್ನು ಬೆಳೆಯಗೊಡದು. ವಿಜಯ್ ಧಸ್ಮಾನಾ ಅವರ ಮಾರ್ಗದರ್ಶನದಲ್ಲಿ ಅಲ್ಲಿ ಅರಾವಳಿಯದೇ ಆದ ಮರಗಳನ್ನು ಹುಡುಕಿದರು. ನಮ್ಮ ದಿಂಡಿಗದ ಬಳಗದ ‘ಧೌ’ ಅವುಗಳಲ್ಲಿ ಒಂದು. ಇಂಥ ಸಸಿಗಳು ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಹೀಗಾಗಿ ಉಳಿದ ಅಡವಿಗಳಿಂದ ಬೀಜ ತಂದು ತಾವೇ ನರ್ಸರಿ ಮಾಡಿದರು. ಶಾಲಾ ಮಕ್ಕಳು, ಊರಿನ ಜನ ಬಂದು ನೆಟ್ಟರು. 2022ರಲ್ಲಿ ಆ ಜಾಗಕ್ಕೆ, ಅಭಯಾರಣ್ಯವಲ್ಲದಿದ್ದರೂ ಜೀವವೈವಿಧ್ಯವನ್ನು ಕಾಯುವ ಪ್ರದೇಶ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು; ಭಾರತದಲ್ಲಿ ಅದೇ ಮೊದಲನೆಯದು.

ನಮ್ಮ ಕುದುರೆಮುಖ ಇದೇ ಪ್ರಶ್ನೆಗೆ ಇನ್ನೊಂದು ಮಗ್ಗುಲಿನಿಂದ ಉತ್ತರಿಸುತ್ತದೆ. ಅಲ್ಲಿಯ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಅದಿರನ್ನು ನೀರಿನೊಡನೆ ಕಲಸಿ ಕೊಳವೆಯಲ್ಲಿ ಮಂಗಳೂರಿನವರೆಗೆ ಒಯ್ಯುತ್ತಿದ್ದರು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ಸುತ್ತಲಿನ ಪ್ರದೇಶ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಜನ ಅಲ್ಲಿಗೆ ಚಾರಣಕ್ಕೆ ಹೋಗುತ್ತಾರೆ. ಅಂಥ ಗುಡ್ಡವನ್ನು ಸರಿಪಡಿಸುವುದೆಂದರೆ ತುಂಬ ಮರ ಹಚ್ಚುವುದು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ಎತ್ತರದ ಗುಡ್ಡಗಳ ಸಹಜ ರೂಪ ಹಾಗಿಲ್ಲ. ಕಣಿವೆಗಳಲ್ಲಿ ಶೋಲಾ ಕಾಡು, ಇಳಿಜಾರುಗಳಲ್ಲಿ ಹುಲ್ಲುಗಾವಲು. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯನ್ನು ಆ ಹುಲ್ಲು ಹಿಡಿದು ನಿಧಾನವಾಗಿ ಹೊಳೆಗಳಿಗೆ ಬಿಡುತ್ತದೆ. ಹುಲ್ಲುಗಾವಲಿನಲ್ಲಿ ಅಕೇಶಿಯಾ ತುಂಬಿದರೆ ಹಸಿರು ಹೆಚ್ಚುತ್ತದೆ, ಕುದುರೆಮುಖ ಕಡಿಮೆಯಾಗುತ್ತದೆ.

ನಮ್ಮ ಹುಬ್ಬಳ್ಳಿಗೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು ಮಳೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನ ಎರಿಭೂಮಿ. ಇಲ್ಲಿಯ ಪಟ್ಟಿ ಬೇರೆಯೇ: ಬೇವು, ಕರಿಜಾಲಿ, ಹೊಂಗೆ, ಹುಣಸೆ, ಆಲ, ಅತ್ತಿ. ಮಕ್ಕಳಿಗೆ ಮನೆಗೆಲಸವಾಗಿ ಅಜ್ಜ ಅಜ್ಜಿಯರನ್ನು ಕೇಳಿ, ‘ಯಾರೂ ನೀರು ಹಾಕದೆ ಬೆಳೆಯುತ್ತಿದ್ದ ಗಿಡಗಳು’ ಎಂಬ ಪಟ್ಟಿ ತರಲು ಹೇಳಿದ್ದೆ. ನನ್ನ ಪಟ್ಟಿಗಿಂತ ಅವರದೇ ಉದ್ದವಾಗಿತ್ತು.

ನಾಲ್ಕನೆಯ ಪ್ರಶ್ನೆ: ಯಾರು ಕಾಯುತ್ತಾರೆ, ಎಷ್ಟು ವರ್ಷ?

ಸುಡ್‌ಗೆಲೆಂಡೆಯನ್ನು ಪ್ರಕೃತಿಗೆ ಬಿಟ್ಟರು ಎಂದೆನಲ್ಲ, ಅದು ಅರ್ಧ ಮಾತು. ಪೂರ್ತಿ ಬಿಟ್ಟಿದ್ದರೆ ಇಡೀ ಜಾಗ ಮರಗಳಿಂದ ಮುಚ್ಚಿ, ಬಿಸಿಲು ಬೇಕಾದ ಹುಲ್ಲು, ಜೇನ್ನೊಣ, ಚಿಟ್ಟೆಗಳು ಹೋಗುತ್ತಿದ್ದವು. ಅದಕ್ಕೇ ಕೆಲವು ತುಂಡುಗಳಲ್ಲಿ ಹುಲ್ಲು ಕೊಯ್ದು ಬಯಲಾಗಿ ಇಡುತ್ತಾರೆ, ಕೆಲವು ತುಂಡುಗಳನ್ನು ಮುಟ್ಟುವುದಿಲ್ಲ. ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಪ್ರತಿವರ್ಷ ಯಾರೋ ಒಬ್ಬರು ನೋಡಿ ತೀರ್ಮಾನಿಸಬೇಕು. ಗುರುಗ್ರಾಮದಲ್ಲೂ ನೆಟ್ಟ ಮೇಲೆ ವರ್ಷಗಟ್ಟಲೆ ನೀರು, ಕಳೆ, ದನಗಳ ಕಾವಲು ಬೇಕಾಯಿತು. ಅರಣ್ಯೋದ್ಯಾನ ಎಂಬುದು ಉದ್ಘಾಟನೆಯ ದಿನ ಮುಗಿಯುವ ಕೆಲಸವಲ್ಲ, ಶುರುವಾಗುವ ಕೆಲಸ. ಬೈಯಪ್ಪನಹಳ್ಳಿಯ ವಿಷಯದಲ್ಲೂ ಎಷ್ಟು ಸಸಿ ನೆಟ್ಟರು ಎಂಬುದಕ್ಕಿಂತ, ಎರಡು ದಶಕ ತಾವಾಗಿ ಬೆಳೆದ ಮರಗಳಲ್ಲಿ ಎಷ್ಟು ಉಳಿದವು, ಐದು ವರ್ಷದ ನಂತರ ಯಾರು ಕಾಯುತ್ತಿದ್ದಾರೆ ಎಂಬ ಲೆಕ್ಕವೇ ಮುಖ್ಯ.

ಶಾಲೆಯ ಮೂಲೆಯ ತೆಗ್ಗು

ನಾಲ್ಕೂ ಪ್ರಶ್ನೆಗಳನ್ನು ನಮ್ಮ ಶಾಲೆಯ ಆ ಮೂಲೆಗೆ ಕೇಳುವುದೇ ಕೊನೆಯ ಚಟುವಟಿಕೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಎರಡೂ ಬದಿ ತೆರೆದ ಹಾಲಿನಪುಡಿ ಡಬ್ಬಿಗಳನ್ನು ತೆಗೆದುಕೊಂಡು ಹೊರಟೆವು. ಒಂದು ಡಬ್ಬಿಯನ್ನು ಅಂಗಳದ ಬೇವಿನ ಮರದ ಕೆಳಗೆ, ಇನ್ನೊಂದನ್ನು ಆ ತೆಗ್ಗಿನ ಪಕ್ಕ ನೆಲಕ್ಕೆ ಒತ್ತಿ, ಎರಡಕ್ಕೂ ಒಂದೇ ಅಳತೆಯ ನೀರು ಹಾಕಿದೆವು. ಬೇವಿನ ಕೆಳಗಿನ ನೀರು ನೋಡನೋಡುತ್ತಲೇ ಇಂಗಿತು. ಮೂಲೆಯದು ಅವಧಿಯ ಗಂಟೆ ಹೊಡೆದಾಗಲೂ ನಿಂತಿತ್ತು.

ಆಮೇಲೆ ಹುಡುಗರು ಕುರ್ಚಿಗಿಯಿಂದ ಕೆದರಿದರು. ಒಂದು ಗೇಣಿನೊಳಗೇ ಇಟ್ಟಂಗಿ ಚೂರು, ಸಿಮೆಂಟ್ ಗಟ್ಟಿ, ತುಕ್ಕು ಹಿಡಿದ ತಂತಿ. ನೋಡುತ್ತ ನಿಂತಿದ್ದ ಶಾಲೆಯ ಹಿರಿಯ ಸಿಪಾಯಿ ಹೇಳಿದರು: “ಇಲ್ಲಿ ಮೊದಲ ಒಂದು ಹಳೇ ಖೋಲಿ ಇತ್ರಿ. ಕೆಡವಿ ಇಲ್ಲೇ ಸಾಪ್ ಮಾಡಿ ಮ್ಯಾಲ ಗರಸು ಹಾಕಿದ್ರು.” ಪ್ರಶ್ನೆ ಕೇಳಿದ್ದ ಹುಡುಗಿ ತಟ್ಟನೆ, “ಅಂದ್ರ ಇದೂ ಕಾರ್ಖಾನಿ ನೆಲನ ಆತಲ್ರಿ ಟೀಚರ್” ಎಂದಳು. ಎರಡು ವರ್ಷ ಅವರು ಹಾಕಿದ ನೀರು ಬೇರಿನವರೆಗೆ ಇಳಿದಿರಲಿಲ್ಲ, ಇಳಿದಷ್ಟು ಅಲ್ಲೇ ನಿಂತು ಬೇರನ್ನು ಕೊಳೆಸಿರಲೂಬಹುದು. ತಪ್ಪು ಮಕ್ಕಳ ಆರೈಕೆಯದಾಗಿರಲಿಲ್ಲ.

ಹಾಳೆಯ ಹಿಂಬದಿಯಲ್ಲಿ ಗುಂಪುಗಳು ಈ ಸಲ ಬರೆದದ್ದು ಬೇರೆ. ಒಂದು ಗುಂಪು ‘ಮೊದಲು ಅಗೆದು ನೋಡುತ್ತೇವೆ’ ಎಂದು, ಇನ್ನೊಂದು ‘ಈಗಾಗಲೇ ಇರುವ ಗಿಡ ಎಣಿಸುತ್ತೇವೆ’ ಎಂದು ಬರೆಯಿತು. ‘ಈ ವರ್ಷ ಏನೂ ಹಚ್ಚುವುದಿಲ್ಲ’ ಎಂದು ಬರೆದ ಗುಂಪಿಗೆ ಪೂರ್ಣ ಅಂಕ ಕೊಡಬಹುದೇ ಎಂದು ಉಪನ್ಯಾಸಕರನ್ನು ಕೇಳಿದೆ. ಕಾರಣ ಬರೆದಿದ್ದರೆ ಕೊಡಿ ಎಂದರು. ಬರೆದಿದ್ದರು.

ನಾನು ಎಡವಿದ ಕಡೆಗಳು

ಮೂರು ತಪ್ಪುಗಳನ್ನು ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಹೇಳುತ್ತೇನೆ. ಮೊದಲನೆಯದು, ಬರ್ಲಿನ್ನಿನ ಕಥೆ ಹೇಳುವ ಉತ್ಸಾಹದಲ್ಲಿ ‘ಹಾಗೇ ಬಿಟ್ಟರೆ ಎಲ್ಲ ನೆಲವೂ ಅಡವಿಯಾಗುತ್ತದೆ’ ಎಂಬರ್ಥದ ಮಾತು ಹೇಳಿಬಿಟ್ಟಿದ್ದೆ. ಮರುದಿನ ಅದನ್ನು ಹಲಗೆಯ ಮೇಲೆ ಬರೆದು, ಅಡ್ಡಗೆರೆ ಎಳೆದು, ಕೋಲಾರದ ಉದಾಹರಣೆಯಿಂದ ತಿದ್ದಿದೆ. ಶಿಕ್ಷಕರ ಮಾತನ್ನೂ ತಿದ್ದಬಹುದು ಎಂದು ಮಕ್ಕಳಿಗೆ ಗೊತ್ತಾದದ್ದು ನಷ್ಟವೇನಲ್ಲ.

ಎರಡನೆಯದು, ಸಿಮೆಂಟ್ ಇರುವ ಮಣ್ಣು ಕ್ಷಾರೀಯವಾಗಿರುತ್ತದೆ ಎಂದು ತೋರಿಸಲು ಕೆಂಪು ಲಿಟ್ಮಸ್ ಕಾಗದ ಬಳಸಿದೆ. ಮೂಲೆಯ ಮಣ್ಣಿನ ನೀರಿನಲ್ಲೂ ಬೇವಿನ ಕೆಳಗಿನ ಎರಿಮಣ್ಣಿನ ನೀರಿನಲ್ಲೂ ಅದು ತುಸು ನೀಲಿಯಾಯಿತು. ನಮ್ಮ ಕಡೆಯ ಎರಿಮಣ್ಣೇ ಸ್ವಲ್ಪ ಕ್ಷಾರೀಯ ಎಂಬುದನ್ನು ಮರೆತಿದ್ದೆ. ಚಟುವಟಿಕೆಯನ್ನು ಮೊದಲೇ ಮಾಡಿ ನೋಡದೆ ತರಗತಿಗೆ ಒಯ್ಯಬಾರದು. ನೀರು ಇಂಗಿಸುವ ಡಬ್ಬಿಯ ಪ್ರಯೋಗಕ್ಕೆ ಖರ್ಚಿಲ್ಲ, ವ್ಯತ್ಯಾಸವೂ ಕಣ್ಣಿಗೆ ಕಾಣುತ್ತದೆ; ಅದನ್ನೇ ಬಳಸಿ ಎಂದು ಸಲಹೆ ಮಾಡುತ್ತೇನೆ.

ಮೂರನೆಯದು ಸಮಯ. ಆರು ಊರುಗಳ ಉದಾಹರಣೆ ಎರಡು ಅವಧಿಗೆ ಹೆಚ್ಚಾಯಿತು. ಮತ್ತೆ ಬೋಧಿಸುವುದಾದರೆ ಬೈಯಪ್ಪನಹಳ್ಳಿ, ರೈಲ್ವೆ ಯಾರ್ಡ್, ಕುದುರೆಮುಖ ಈ ಮೂರನ್ನೇ ಇಟ್ಟುಕೊಂಡು, ಉಳಿದವನ್ನು ಓದುವ ಚೀಟಿಗಳಾಗಿ ಗುಂಪುಗಳಿಗೆ ಹಂಚುತ್ತೇನೆ.

ಮೌಲ್ಯಮಾಪನ ಮತ್ತು ಮುಂದಿನ ಕೆಲಸ

ಘಟಕದ ಕೊನೆಗೆ ‘ಮರು ಅರಣ್ಯೀಕರಣ ಎಂದರೇನು?’ ಎಂಬ ಪ್ರಶ್ನೆಯ ಬದಲು ಒಂದು ಸನ್ನಿವೇಶ ಕೊಟ್ಟೆ: ಊರ ಹೊರಗಿನ ಹಳೆಯ ಇಟ್ಟಂಗಿ ಭಟ್ಟಿಯನ್ನು ಪಂಚಾಯಿತಿ ಉದ್ಯಾನ ಮಾಡಬೇಕೆಂದಿದೆ, ನಿಮ್ಮ ಸಲಹೆ ಏನು, ಏಕೆ? ಉತ್ತರದಲ್ಲಿ ಮಣ್ಣು, ಬೀಜ, ಸ್ಥಳೀಯ ಜಾತಿ, ಕಾವಲು ಈ ನಾಲ್ಕರಲ್ಲಿ ಎಷ್ಟು ಬಂದಿವೆ ಎಂಬುದನ್ನು ನೋಡಿ ಅಂಕ ಕೊಟ್ಟೆ. ಕಾವಲಿನ ಪ್ರಶ್ನೆಯನ್ನೇ ಹೆಚ್ಚಿನವರು ಮರೆತಿದ್ದರು. ಅದನ್ನು ನಾನು ಕೊನೆಯ ಐದು ನಿಮಿಷದಲ್ಲಿ ಅವಸರದಿಂದ ಹೇಳಿದ್ದೆ, ಹೀಗಾಗಿ ಆ ಅಂಕ ಹೋದದ್ದು ನನ್ನ ಪಾಲಿನದು.

ಶಾಲೆಯ ಮೂಲೆಯಲ್ಲಿ ಈಗ ಸಸಿ ಇಲ್ಲ. ಮಕ್ಕಳು ಚೂರುಗಳನ್ನು ಆರಿಸಿ ತೆಗೆದು, ನೆಲ ಸಡಿಲಿಸಿ, ಅಂಗಳ ಗುಡಿಸಿದ ಬೇವಿನ ಎಲೆಯನ್ನು ಸುಡದೆ ಅಲ್ಲಿ ಹರಡುತ್ತಿದ್ದಾರೆ. ಮಳೆ ಬಿದ್ದಾಗ ಸೆಣಬು ಮತ್ತು ಹುರುಳಿ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುವುದೆಂದು ತೀರ್ಮಾನವಾಗಿದೆ. ಗಿಡ ಹಚ್ಚುವುದು ಅದರ ಮುಂದಿನ ವರ್ಷ. ಅಷ್ಟರಲ್ಲಿ ನನ್ನ ಬೋಧನಾಭ್ಯಾಸ ಮುಗಿದಿರುತ್ತದೆ. ಆದ್ದರಿಂದ ಡಬ್ಬಿಯಲ್ಲಿ ನೀರು ಇಂಗುವ ಸಮಯವನ್ನು ತಿಂಗಳಿಗೊಮ್ಮೆ ಬರೆದಿಡಲು ಒಂದು ವಹಿ ಮಾಡಿ, ಅದನ್ನು ಆ ಹುಡುಗಿಯ ಕೈಗೆ ಕೊಟ್ಟು ಬಂದಿದ್ದೇನೆ. ಮುಂದಿನ ವರ್ಷ ಅದೇ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಆ ವಹಿಯನ್ನು ಕೇಳಿ ನೋಡಬೇಕೆಂದು ವಿನಂತಿ.